ನಾಲಿಗೆಗೆ ಅಂಟುವುದು

ಮಾರ್ಚ್ ಕಳೆದರೆ ಕರಡಿಗೋಡಿನಲ್ಲಿ ಕಾವೇರಿ
ಮೊಣಕಾಲಿಗಿಳಿಯುತ್ತಾಳೆ.
ಆಮೇಲೆ ನನ್ನ ಜಗಲಿಗೆ ಎಲುಬು ಬರಲು ಶುರು,
ಸಿಮೆಂಟು ಚೀಲದಲ್ಲಿ, ಲುಂಗಿಯ ಮಡಿಲಲ್ಲಿ,
ಒಮ್ಮೆ ಟಿಫಿನ್ ಡಬ್ಬಿಯಲ್ಲಿ, ಅನ್ನದ ಅಗುಳಿನ ಜೊತೆ.

ನಾನು ಡಾಕ್ಟರಲ್ಲ. ದನದಾಸ್ಪತ್ರೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಸೂಜಿ ಕುದಿಸಿದವಳು,
ಸತ್ತ ಹಸುವಿನ ಹೊಟ್ಟೆ ಬಿಡಿಸುವಾಗ ಲಾಟೀನು ಹಿಡಿದವಳು.
ಆದರೂ ಪೊಲೀಸಿನವರು ಮೊದಲು ಬರುವುದು ಇಲ್ಲಿಗೇ.
"ಮುದ್ದವ್ವಾ, ಮನುಷ್ಯನದಾ ನೋಡಿ ಹೇಳಿ.
ಹೌದಾದ್ರೆ ಕೇಸು, ಅಲ್ಲದಿದ್ರೆ ಹೊಳೆಗೇ ವಾಪಸು."

ಮೊದಲು ತೂಕ ನೋಡುತ್ತೇನೆ.
ಕಡವೆಯ ಹಿಂಗಾಲ ನಳಿಗೆಗೆ ಮುಂದುಗಡೆ ಒಂದು ಗೀರು,
ಹಸಿ ಮಣ್ಣಿಗೆ ಉಗುರಿಟ್ಟು ಎಳೆದ ಹಾಗೆ.
ಎಮ್ಮೆಯದು ಮೋಟು, ನೆಲಕ್ಕಿಟ್ಟರೆ
ಸಾಲ ಕೇಳಲು ಬಂದವನಂತೆ ನಿಲ್ಲುತ್ತದೆ.
ಆನೆಯ ತೊಡೆಯೆಲುಬಿನೊಳಗೆ ಕೊಳವೆಯಿಲ್ಲ,
ಎಳೆ ಎಳೆ ಹೆಣೆದುಕೊಂಡು ಒಣಗಿದ ನೂಪುಟ್ಟು.
ಹಂದಿಯ ದವಡೆಹಲ್ಲು ಮಾತ್ರ ಕಳ್ಳ, ಥೇಟ್ ನಮ್ಮದೇ.
ಒಂದು ಸಲ ನಾನೇ ಎಡವಿದೆ:
ಠಾಣೆಯ ಪುಸ್ತಕದಲ್ಲಿ ಮೂರು ದಿನ
ಒಂದು ಕಾಡುಹಂದಿ ಅಪರಿಚಿತ ಗಂಡಸಾಗಿತ್ತು.

ಇವತ್ತು ಬೆಳಿಗ್ಗೆ ಒಂಬತ್ತನೇ ಕ್ಲಾಸಿನ ಸೋಜನ್
ಕಲ್ಲೊಂದನ್ನು ಹೊತ್ತು ಬಂದ, ಗಂಟು ಗಂಟಾಗಿ ಬಾಗಿದ್ದು.
"ಡೈನೋಸಾರಿನ ಬೆನ್ನು, ಆಂಟಿ."
ನಾಲಿಗೆಗೆ ಇಟ್ಟು ನೋಡು ಅಂದೆ.
ಎಲುಬಾದರೆ ಅಂಟುತ್ತದೆ, ಎಷ್ಟು ಹಳತಾದರೂ
ನೀರಿನಾಸೆ ಬಿಡದು ಅದಕ್ಕೆ.
ಕಲ್ಲು ಜಾರಿತು. ಹುಡುಗನ ಮುಖ ಸಪ್ಪೆ.
ಈ ಸೀಮೆಯ ಬಂಡೆಯಲ್ಲಿ ಅದು ಸಿಗುವುದಿಲ್ಲ ಮಗು.
ಇವು ಬೆಂದು ಮುಗಿದ ಕಾಲಕ್ಕೆ ಲೋಕದಲ್ಲಿ
ಬೆನ್ನೆಂಬುದೇ ಇರಲಿಲ್ಲ ಯಾರಿಗೂ,
ಬಾಗುವುದಕ್ಕಾಗಲಿ, ಹೊರುವುದಕ್ಕಾಗಲಿ.
ಕಲ್ಲನ್ನು ಜಗಲಿಯಲ್ಲೇ ಬಿಟ್ಟು ಹೋದ.

ಬೀಪಾತು ಬರುವುದು ಎಲ್ಲರೂ ಹೋದ ಮೇಲೆ.
ಆ ದೊಡ್ಡ ನೆರೆಯ ಆಗಸ್ಟಿನಲ್ಲಿ ಅವಳ ಅದ್ರಾಮ
ಪಕ್ಕದ ಮನೆಯ ಆಡಿನ ಹಗ್ಗ ಬಿಚ್ಚಲು ಹೋದವನು.
ಆಡು ಬಂತು.
ಇದು ಐದನೆಯ ಬೇಸಗೆ.
ಕಡವೆ. ಎಮ್ಮೆ. ಮತ್ತೆ ಕಡವೆ.
ಹೋದ ವರ್ಷ ನಾನು "ಆಡು" ಅಂದಾಗ
ಅವಳು ನಕ್ಕುಬಿಟ್ಟಳು, ನಾನೂ.

ಇವತ್ತು ತಲೆವಸ್ತ್ರದ ತುದಿ ಬಿಚ್ಚಿದರೆ
ಒಂದು ಕೈ.
ಒಣಗಿದ ನರ ಹಿಡಿದಿಟ್ಟ ಐದು ಬೆರಳು, ಉಗುರಿಲ್ಲ.
ನನ್ನ ಕೈಯನ್ನು ಪಕ್ಕದಲ್ಲಿಟ್ಟೆ. ಅಳತೆ ಸರಿಹೋಯಿತು.
ಎದೆ ಧಸಕ್ಕೆಂದಿತು.
ಆಮೇಲೆ ಎಣಿಸಿದೆ.
ಹೆಬ್ಬೆರಳಿರಬೇಕಾದಲ್ಲಿ ಎಲ್ಲಕ್ಕಿಂತ ಚಿಕ್ಕದು,
ದಪ್ಪದ್ದು ಆಚೆಯ ತುದಿಗೆ.
ಯಾರೋ ಉಗುರಿಗಾಗಿ ಕಡಿದು
ಮಿಕ್ಕಿದ್ದನ್ನು ನೀರಿಗೆಸೆದ ಕರಡಿ.

"ಬೆರಳು ತಿರುಗುಮುರುಗು, ಬೀಪಾತು.
ಹಿಡಿದರೆ ಬಲಗೈ, ಎಣಿಸಿದರೆ ಎಡಗೈ."
"ಅವ ಎಡಚ ಅಲ್ವಾ," ಅಂದಳು
ತಟ್ಟನೆ, ರೇಷನ್ ಕಾರ್ಡಿನಲ್ಲಿ
ಹೆಸರು ತಿದ್ದಿಸುವವಳ ಹಾಗೆ.

ಚಹಾ ಇಟ್ಟೆ. ಉಕ್ಕಿತು.
"ಎಲುಬಾದರೂ ಹೌದು ತಾನೇ?"
ಎಲುಬೇ.
"ಹಾಗಾದ್ರೆ ಹೊಳೆಗೆ ಹಾಕ್ಬೇಡ."

ಅರಣ್ಯ ಇಲಾಖೆಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ.
ಹಿತ್ತಲಿನ ಕಾಚಂಪುಳಿ ಮರದ ಬುಡದಲ್ಲಿ
ಇಬ್ಬರೂ ಸೇರಿ ಮೊಳದಷ್ಟು ಅಗೆದೆವು.
ನಾಯಿ ಕೆದಕದಂತೆ ಏನಾದರೂ ಇಡಬೇಕಲ್ಲ ಎಂದು
ಬೀಪಾತು ಜಗಲಿಯಿಂದ ಸೋಜನ್‌ನ ಕಲ್ಲು ತಂದಳು,
ತಂದು, ಹಿಡಿದುಕೊಂಡೇ ನಿಂತಳು.
"ತಲೆಯ ಕಡೆ ಯಾವುದು?"

ಒಂದು ಕೈಗೆ
ತಲೆಯ ಕಡೆ ಯಾವುದು,
ನನಗೂ ಗೊತ್ತಾಗಲಿಲ್ಲ.